ಮಂಜಿನಲ್ಲಿ ಕೇಳಿದ ನನ್ನ ದನಿ

ಸದ್ದಿನ ವಿಷಯದಲ್ಲಿ ಯಾರಾದರೂ ದೆವ್ವ, ಪವಾಡ ಎಂದರೆ ನನಗೆ ನಗು ಬರುತ್ತಿತ್ತು. ನನ್ನ ಕೆಲಸವೇ ಅಂಥದ್ದು. ಆಗ ನಾನು ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿದ್ದೆ. ಆಸಿಡ್ಡು, ಗಾಜಿನ ನಳಿಕೆಗಳ ಪ್ರಯೋಗಾಲಯವಲ್ಲ. ಇತಿಹಾಸ, ಸಾಹಿತ್ಯ, ಜಾನಪದದಲ್ಲಿ ಸಂಶೋಧನೆ ಮಾಡುವವರಿಗೆ ಕಂಪ್ಯೂಟರಿನ ನೆರವು ಕೊಡುತ್ತಿದ್ದ ಎರಡು ಕೋಣೆ, ಅಷ್ಟೇ. ಶಾಸನಗಳ ಫೋಟೊ, ಹಳೆಯ ಕ್ಯಾಸೆಟ್ಟುಗಳಲ್ಲಿದ್ದ ಹಾಡು, ಊರುಗಳ ನಕ್ಷೆ ಎಲ್ಲವನ್ನೂ ಅಲ್ಲಿ ಕಂಪ್ಯೂಟರಿಗೆ ಸೇರಿಸುತ್ತಿದ್ದೆವು. ಒಮ್ಮೆ ಒಬ್ಬ ಸಂಶೋಧಕರು, ತಾವು ರೆಕಾರ್ಡ್ ಮಾಡಿಕೊಂಡ ಸೋಬಾನೆ ಪದದ ಹಿಂದೆ ಯಾರೋ ನರಳುತ್ತಿದ್ದಾರೆ ಎಂದು ಬೆವರುತ್ತ ಬಂದರು. ಕಿವಿಗೊಟ್ಟು ಕೇಳಿದರೆ ಅದು ಆ ಮನೆಯ ಫ್ರಿಜ್ಜು. ಆ ಸದ್ದನ್ನು ತೆಗೆದು ಹಾಡನ್ನಷ್ಟೇ ಉಳಿಸಿ ಕೊಟ್ಟೆ. ಹೀಗಾಗಿ ಪ್ರತಿ ಸದ್ದಿಗೂ ಎಲ್ಲೋ ಒಂದು ಕಡೆ ಕಾರಣ ಕೂತಿರುತ್ತದೆ, ಹುಡುಕುವ ತಾಳ್ಮೆ ಬೇಕು ಎಂದು ನಂಬಿದ್ದೆ.

ಈಗಲೂ ಬಹುಮಟ್ಟಿಗೆ ಹಾಗೇ ನಂಬಿದ್ದೇನೆ. ಮೂಡಿಗೆರೆ ತಾಲ್ಲೂಕಿನ ದೇವರಮನೆ ಎಂಬ ಊರಿನ ಕಡೆಯ ಗುಡ್ಡದಲ್ಲಿ ನಡೆದ ಒಂದು ಸಂಗತಿ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ನೀವು ನಂಬಲೇಬೇಕೆಂಬ ಹಠ ನನಗಿಲ್ಲ.

ಇಸವಿ ಎರಡು ಸಾವಿರ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ವಿಶ್ವವಿದ್ಯಾಲಯದ ಇತಿಹಾಸದ ಅಧ್ಯಾಪಕಿ ಶೈಲಜಾ ಮೇಡಂ ಮೂಡಿಗೆರೆ ತಾಲ್ಲೂಕಿನ ವೀರಗಲ್ಲುಗಳ ನಕ್ಷೆ ತಯಾರಿಸುತ್ತಿದ್ದರು. ಪ್ರತಿ ಕಲ್ಲಿನ ಫೋಟೊ ತೆಗೆಯುವುದು, ಅದು ಇರುವ ಜಾಗವನ್ನು ಜಿಪಿಎಸ್ ಯಂತ್ರದಲ್ಲಿ ಗುರುತಿಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಕಲ್ಲಿನ ವಿವರಗಳನ್ನು ಮೇಡಂ ಬರೆದುಕೊಳ್ಳುತ್ತಿರಲಿಲ್ಲ, ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಅದಕ್ಕಾಗಿ ಕೊರಳಿಗೆ ಒಂದು ಪುಟ್ಟ ರೆಕಾರ್ಡರ್ ನೇತುಹಾಕಿಕೊಂಡಿರುತ್ತಿದ್ದರು. ಬೆಳಿಗ್ಗೆ ಅದನ್ನು ಆನ್ ಮಾಡಿದರೆ ಆಫ್ ಮಾಡುವ ನೆನಪೇ ಅವರಿಗಿರುತ್ತಿರಲಿಲ್ಲ. ಬ್ಯಾಟರಿ ತಂದು ತಂದು ನನಗೆ ಸಾಕಾಗಿತ್ತು.

ಓಡಾಟಕ್ಕೆ ಕೊಟ್ಟಿಗೆಹಾರದ ಇಬ್ರಾಹಿಂ ಅವರ ಜೀಪು. ಡ್ರೈವರೂ ಅವರೇ, ಮೆಕ್ಯಾನಿಕ್ಕೂ ಅವರೇ. ಎರಡು ದಿನ ಮಳೆಯಲ್ಲಿ ನೆನೆದಿದ್ದಕ್ಕೆ ಮೂರನೆಯ ದಿನ ಬೆಳಿಗ್ಗೆ ನನ್ನ ಗಂಟಲು ಪೂರ್ತಿ ಕಟ್ಟಿಹೋಯಿತು. ಮಾತಾಡಲು ಬಾಯಿ ತೆರೆದರೆ ಬರೀ ಗಾಳಿ.

"ಎಂತ ಸಾರ್, ಇವತ್ತು ಮೌನವ್ರತವಾ?" ಎಂದು ಇಬ್ರಾಹಿಂ ನಕ್ಕರು. ಹೋಟೆಲಿನವರು ಮಾಡಿಕೊಟ್ಟ ಮೆಣಸಿನ ಕಷಾಯವೂ ನಾಟಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರನ್ನು ವಿಚಾರಿಸಿಕೊಂಡು, ಎಸ್ಟೇಟು ದಾಟಿ ಅದರ ಮೇಲಿನ ಹುಲ್ಲುಗುಡ್ಡಕ್ಕೆ ಹೋದೆವು. ಜೀಪು ಕೆಳಗೆ ನಿಂತಿತು, ನಾನು ಮತ್ತು ಮೇಡಂ ಹತ್ತಿದೆವು. ಹುಡುಕುತ್ತಿದ್ದ ವೀರಗಲ್ಲು ಸಿಕ್ಕಿತು. ನಾನು ಜಿಪಿಎಸ್ಸಿನ ಬ್ಯಾಟರಿ ಬದಲಾಯಿಸುತ್ತಿದ್ದಾಗ ಮೇಡಂ, "ದಿಬ್ಬದ ಹಿಂದೆ ಅರ್ಧ ಹೂತಿರೋ ಕಲ್ಲೊಂದಿದೆ ಅಂತ ಎಸ್ಟೇಟ್ ರೈಟರು ಹೇಳಿದ್ರಲ್ಲ, ನೋಡ್ಕೊಂಡು ಬರ್ತೀನಿ" ಎಂದು ಹೊರಟರು. ನಾನು ತಲೆಯಾಡಿಸಿದೆ.

ಅವರು ದಿಬ್ಬದಾಚೆ ಮರೆಯಾದರೋ ಇಲ್ಲವೋ, ಕಣಿವೆಯಿಂದ ಮಂಜು ಎದ್ದಿತು. ದಿಬ್ಬ ಕಾಣದಾಯಿತು. ಆಮೇಲೆ ಪಕ್ಕದಲ್ಲಿದ್ದ ವೀರಗಲ್ಲೂ ಕಾಣದಾಯಿತು. ನಾನು ಕೂಗಲು ಬಾಯಿ ತೆರೆದೆ. ಗಾಳಿಯಷ್ಟೇ ಹೊರಟಿತು. ಚಪ್ಪಾಳೆ ತಟ್ಟಿದೆ, ಕ್ಯಾಮೆರಾ ಸ್ಟ್ಯಾಂಡಿನಿಂದ ಬಂಡೆಯನ್ನು ಬಡಿದೆ. ಅತ್ತಲಿಂದ ಉತ್ತರವಿಲ್ಲ. ಸದ್ದು ಕೇಳಿ ಇಬ್ರಾಹಿಂ ಏದುಸಿರು ಬಿಡುತ್ತ ಹತ್ತಿ ಬಂದರು. ಅವರು ಎಷ್ಟು ಕೂಗಿದರೂ ಎದುರುಗಾಳಿ ಕೂಗನ್ನು ವಾಪಸು ತಳ್ಳುತ್ತಿತ್ತು.

"ದಿಬ್ಬದ ಆಚೆ ಪ್ರಪಾತ ಉಂಟು ಸಾರ್," ಎಂದರು. "ನೀವು ಇಲ್ಲಿಂದ ಅಲುಗಾಡ್ಬೇಡಿ. ಇಬ್ಬರನ್ನೂ ಹುಡುಕೋಕೆ ನಂಗಾಗಲ್ಲ. ನಾನು ಕೆಳಗೆ ಹೋಗಿ ಹಾರ್ನ್ ಹೊಡೀತೀನಿ. ಕೇಳ್ಕೊಂಡು ಬರ್ಲಿ."

ಸ್ವಲ್ಪ ಹೊತ್ತಿಗೆ ಹಾರ್ನ್ ಕೇಳಿಸಿತು. ಬೆನ್ನಿಗೇ ಕಣಿವೆಯಾಚೆಯ ಗುಡ್ಡದಿಂದ ಅದರ ಮರುದನಿ ಬಂತು, ನಿಜವಾದ ಹಾರ್ನಿಗಿಂತ ಜೋರಾಗಿ. ಮೇಡಂ ಆ ಮರುದನಿಯನ್ನೇ ನಂಬಿ ನಡೆದರೆ? ಕೆಳಗೆ ಓಡಿ ಹಾರ್ನ್ ನಿಲ್ಲಿಸೋಣವೆಂದರೆ ದಾರಿಯೇ ಕಾಣದು. ನಿಂತಲ್ಲೇ ಬರೀ ತುಟಿ ಅಲ್ಲಾಡಿಸತೊಡಗಿದೆ: "ಹಾರ್ನ್ ಕಡೆ ಹೋಗ್ಬೇಡಿ ಮೇಡಂ. ನಿಂತ್ಕೊಳ್ಳಿ. ಗಾಳಿ ಬೆನ್ನಿಗೆ ಬೀಳೋ ಹಾಗೆ ತಿರುಗಿ, ಹಾಗೇ ನಡೀರಿ." ಗಾಳಿ ಕಣಿವೆಯಿಂದ ಬೀಸುತ್ತಿತ್ತು, ಅದನ್ನು ಬೆನ್ನಿಗೆ ಹಾಕಿಕೊಂಡರೆ ಪ್ರಪಾತ ದೂರವಾಗುತ್ತದೆ. ಇದನ್ನೇ ಮತ್ತೆ ಮತ್ತೆ ಹೇಳಿದೆ. ಆ ಮಾತು ನನ್ನ ಕಿವಿಗೇ ಕೇಳುತ್ತಿರಲಿಲ್ಲ. ಮೇಡಂ ಅವರ ಮಗಳು ಆಗ ಎರಡನೆಯ ಕ್ಲಾಸು. ಆ ಮಗುವಿನ ಮುಖ ಕಣ್ಮುಂದೆ ಬಂದು ನನಗೆ ಅಳು ಬಂತು.

ಎಷ್ಟು ಹೊತ್ತಾಯಿತೋ ಹೇಳಲಾರೆ, ನಡುವೆ ಹಾರ್ನ್ ಯಾಕೋ ನಿಂತುಹೋಯಿತು. ಮಂಜಿನೊಳಗೆ ಒಂದು ಆಕಾರ ಮೂಡಿತು. ಮೇಡಂ! ಮೊಣಕಾಲವರೆಗೆ ಕೆಸರು. ನೇರ ಬಂದು ನನ್ನ ತೋಳು ಹಿಡಿದು, "ಸದ್ಯ, ನಿಮ್ಮ ಗಂಟಲು ಬಿಡ್ತಲ್ಲ! ನೀವು ಹಾಗೆ ಕೂಗದೇ ಇದ್ದಿದ್ರೆ ನಾನು ಮುಗಿದೇ ಹೋಗ್ತಿದ್ದೆ" ಎಂದರು.

ನಾನು ಗಂಟಲು ಮುಟ್ಟಿ ತೋರಿಸಿ ಅಡ್ಡಡ್ಡ ತಲೆಯಾಡಿಸಿದೆ. ಅವರು ನನ್ನನ್ನೇ ದಿಟ್ಟಿಸಿದರು. "ಮತ್ತೆ ಅಷ್ಟು ಹೊತ್ತು ಕರೆದಿದ್ದು?" ಎಂದು ಕೇಳಿದರು. ಆಮೇಲೆ ತಾವೇ, "ಬೇಡ. ಮೊದಲು ಕೆಳಗಿಳಿಯೋಣ" ಎಂದರು.

ಕೊಟ್ಟಿಗೆಹಾರಕ್ಕೆ ಬಂದು ಬಿಸಿ ನೀರ್‌ದೋಸೆ ತಿಂದೆವು. ಮೇಡಂ ಬೂತಿನಿಂದ ಮನೆಗೆ ಫೋನ್ ಮಾಡಿ ಮಗಳ ಜೊತೆ ಹೋಂವರ್ಕಿನ ವಿಷಯ ಮಾತಾಡಿದರು. ಗಾಜಿನ ಬಾಗಿಲಾಚೆ ಅವರು ಮಗಳನ್ನು ಗದರುತ್ತ ನಗುವುದನ್ನು ನೋಡುತ್ತ ಕುಳಿತ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಯಾರು ಕರೆದರು ಎಂಬುದು ಆ ಹೊತ್ತಿಗೆ ನನಗೆ ಮುಖ್ಯವೇ ಅನ್ನಿಸಲಿಲ್ಲ.

ಮುಖ್ಯವಾದದ್ದು ಪ್ರಯೋಗಾಲಯಕ್ಕೆ ಮರಳಿದ ಮೇಲೆ. ಎಂದಿನಂತೆ ಅವರ ರೆಕಾರ್ಡರಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿ ಹೆಡ್‌ಫೋನ್ ಹಾಕಿಕೊಂಡೆ. ಹುಲ್ಲಿನ ಸರಸರ, ದೂರದ ಹಾರ್ನ್, ಅದರ ಮರುದನಿ. "ಓ, ಜೀಪು ಈ ಕಡೆ" ಎನ್ನುವ ಮೇಡಂ ದನಿ, ಬಿರುಸಾದ ಹೆಜ್ಜೆಗಳು. ಕಾಲಡಿಯಿಂದ ಒಂದು ಕಲ್ಲು ಜಾರಿತು. ಅದು ಎಲ್ಲಿಯೂ ಬಿದ್ದ ಸದ್ದಿಲ್ಲ. ಹೆಜ್ಜೆಗಳು ನಿಂತವು.

"ಹಾಂ? ಸರಿ, ನಿಂತೆ" ಎಂದರು ಮೇಡಂ. ಬರೀ ಗಾಳಿಯ ಸದ್ದು. "ಬೆನ್ನಿಗಾ? ಗಾಳಿ ಬೆನ್ನಿಗಾ? ಆಯ್ತು, ತಿರುಗಿದೆ. ಮಾತಾಡ್ತಾ ಇರಿ, ನಿಲ್ಲಿಸ್ಬೇಡಿ." ಮತ್ತೆ ಬರೀ ಗಾಳಿ.

ಗಾಳಿಯ ಸದ್ದು ತೆಗೆದು ಕೇಳಿದೆ. ದನಿ ಏರಿಸಿ ಕೇಳಿದೆ. ನನಗೆ ಗೊತ್ತಿದ್ದ ಉಪಾಯಗಳೆಲ್ಲ ಮುಗಿದವು. ಅಷ್ಟು ದೂರದ ಹಾರ್ನನ್ನು ಹಿಡಿದ ರೆಕಾರ್ಡರಿನಲ್ಲಿ ಅವರನ್ನು ಕರೆದ ದನಿಯ ಒಂದು ಎಳೆಯೂ ಇರಲಿಲ್ಲ. ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳುವ ಮಾತನ್ನು ನಾನು ಆವರೆಗೆ ಯಾರಲ್ಲೂ ಹೇಳಿರಲಿಲ್ಲ.

ಭಯದಲ್ಲಿ ಮನಸ್ಸು ಗೊತ್ತಿರುವವರ ದನಿಯನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ, ಉಪಾಯ ಮೇಡಂ ಅವರದೇ ಇರಬೇಕು ಎಂದು ಮನಃಶಾಸ್ತ್ರದ ಸ್ನೇಹಿತರೊಬ್ಬರು ಹೇಳಿದರು. ನಾನು ಒಪ್ಪಿಕೊಂಡೆ. ಮೇಡಂ ಕೂಡ ನಗುತ್ತ, "ಯಾರೋ ಕರೆದ್ರು, ನಾನು ಬಂದೆ. ನನಗೆ ಅಷ್ಟು ಸಾಕು" ಎಂದರು.

ಮರುವರ್ಷ ಉಳಿದ ಕಲ್ಲುಗಳಿಗಾಗಿ ಅದೇ ಗುಡ್ಡಕ್ಕೆ ಹೋದೆವು. ಒಳ್ಳೆ ಬಿಸಿಲಿತ್ತು. ಮೇಡಂ ಮುಂದೆ ಹತ್ತಿ ಹೋದರು. ನಾನು ಜೀಪಿನಿಂದ ಸಾಮಾನು ಇಳಿಸುತ್ತಿದ್ದಾಗ ಇಬ್ರಾಹಿಂ ಮೆಲ್ಲಗೆ, "ಒಂದು ಮಾತು ಕೇಳ್ಲಾ ಸಾರ್? ಅವತ್ತು ನಿಮ್ ಗಂಟ್ಲು ನಿಜವಾಗ್ಲೂ ಕಟ್ಟಿತ್ತಾ?" ಎಂದರು.

"ಹೌದು. ಯಾಕೆ?"

"ನಾನು ಹಾರ್ನ್ ಹೊಡೀತಿದ್ದಾಗ ಮೇಲಿಂದ ನೀವು ಕೂಗಿದ್ದು ಕೇಳ್ತು. ಹಾರ್ನ್ ಕಡೆ ಹೋಗ್ಬೇಡಿ ಅಂತಿದ್ರಿ. ಅದ್ಕೇ ನಾನು ಹಾರ್ನ್ ನಿಲ್ಸಿದ್ದು."

ನಾನು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟೆ. "ಅವತ್ತೇ ಯಾಕೆ ಹೇಳ್ಲಿಲ್ಲ ಮಾರಾಯ್ರೆ?"

"ಹೇಳಿದ್ರೆ ನೀವು ಈ ಗುಡ್ಡಕ್ಕೆ ಮತ್ತೆ ಬರ್ತಿದ್ರಾ?"

ಅಷ್ಟರಲ್ಲಿ ಮೇಲಿನಿಂದ, "ಏನ್ರೀ ಅಲ್ಲಿ ಇಬ್ರೂ ಪಟ್ಟಾಂಗ? ಬನ್ನಿ ಬೇಗ!" ಎಂಬ ಕೂಗು ಕೇಳಿಸಿತು. ನಾವಿಬ್ಬರೂ ತಲೆಯೆತ್ತಿ, ಕರೆದದ್ದು ಮೇಡಂ ಅವರೇ ಎಂದು ಕಣ್ಣಾರೆ ನೋಡಿದ ಮೇಲೆಯೇ "ಬಂದ್ವಿ" ಎಂದೆವು.