ಹೊಲಿಗೆ ದಾರ ಕಟ್ಟಿದ ಹವಳ

ಜಂಬಪ್ಪನಿಗೆ ಅಂಕಿ ಓದಲು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಇದನ್ನು ಅವನು ಐವತ್ತು ವರ್ಷ ಮುಚ್ಚಿಟ್ಟುಕೊಂಡು ಬಂದಿದ್ದ. ಬುಕ್ಕಸಾಗರದ ದಂಡೆಯಲ್ಲಿ ಹರಿಗೋಲು ಹಾಕುತ್ತಿದ್ದಾಗ ಅದರಿಂದ ತೊಂದರೆಯಾಗಲಿಲ್ಲ. ಹೊಸಪೇಟೆಗೆ ಬಂದು ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತ ಮೇಲೂ ಡಬ್ಬಿಯ ಬಣ್ಣ ನೋಡಿ, ಔಷಧದ ವಾಸನೆ ಹಿಡಿದು ದಿನ ದಾಟಿಸಿದ. ಯಾರಾದರೂ ಏನಾದರೂ ಓದು ಎಂದರೆ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದೆ ಎನ್ನುತ್ತಿದ್ದ. ಅವನ ಮನೆಯಲ್ಲಿ ಕನ್ನಡಕವೇ ಇರಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಸಂಡೂರಿನ ಗಣಿ ಮಾಲೀಕ ಮನೋಹರ್ ಹೊಸಪೇಟೆಯಲ್ಲಿ ದೊಡ್ಡ ಮನೆ ಕಟ್ಟಿಸಿ, ನಡುಮನೆಯಲ್ಲಿ ಎಂಟಡಿ ಉದ್ದದ ಗಾಜಿನ ತೊಟ್ಟಿ ಇಡಿಸಿದ. ಒಳಗೆ ಉಪ್ಪುನೀರು, ಸಮುದ್ರದ ಮೀನು, ವಿಮಾನದಲ್ಲಿ ಬಂದ ಜೀವಂತ ಹವಳ. ನೋಡಿಕೊಳ್ಳಲು ಜಂಬಪ್ಪ. ಬೆಳಿಗ್ಗೆ ಬಂದು ಗಾಜಿನ ಮೇಲೆ ಕೂತ ಅದಿರಿನ ಕೆಂಪು ಧೂಳು ಒರೆಸಿ, ಉಪ್ಪು ಕಲಸಿದ ನೀರನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದ. ಅಳೆಯುವ ಉಪಕರಣಕ್ಕಿಂತ ಅವನ ನಾಲಿಗೆ ಹೆಚ್ಚೇನೂ ತಪ್ಪುತ್ತಿರಲಿಲ್ಲ.

ಕಾಲೇಜು ಓದುತ್ತಿದ್ದ ಮಗಳು ಸುನಿತಾ ಭಾನುವಾರ ಜೊತೆಗೆ ಬರುವಳು. ಅವಳು ಬಾಟಲಿಯ ಮೇಲಿನ ಇಂಗ್ಲಿಷನ್ನು ಬೆರಳಿಟ್ಟು, ತಲೆ ಎತ್ತದೆ, ಕನ್ನಡದಲ್ಲಿ ಮೆಲ್ಲಗೆ ಓದಿ ಹೇಳುವಳು. ಅಪ್ಪ ಅದನ್ನೇ ಮಾಲೀಕನಿಗೆ ಕೇಳುವಂತೆ ಜೋರಾಗಿ ಹೇಳುವನು. ಈ ಏರ್ಪಾಡು ಚೆನ್ನಾಗಿಯೇ ನಡೆಯಿತು.

ಒಮ್ಮೆ ಪೆಟ್ಟಿಗೆ ಬಿಚ್ಚುವಾಗ ಮೆತ್ತನೆಯ ಹವಳವೊಂದರಿಂದ ಕಿರುಬೆರಳಿನಷ್ಟು ತುಂಡು ಮುರಿದು ಬಿತ್ತು. "ಒಗೀರಿ ಅತ್ಲಾಗ" ಎಂದ ಮನೋಹರ್. ಸುನಿತಾ ಒಗೆಯಲಿಲ್ಲ. ತನ್ನ ಚೀಲದಲ್ಲಿದ್ದ ಹೊಲಿಗೆಯ ಕಪ್ಪು ದಾರದಿಂದ ಅದನ್ನು ಕಲ್ಲಿಗೆ ಕಟ್ಟಿ ತೊಟ್ಟಿಯ ಮೂಲೆಯಲ್ಲಿಟ್ಟಳು.

"ಇದು ಗಿಡ ಅಲ್ಲಪ್ಪ, ಪ್ರಾಣಿ. ಬೆಳಕಿನ ಮ್ಯಾಲ ಬದುಕ್ತತಿ."

"ಬೆಳಕು ತಿಂತತೇನು? ಹಂಗಾದ್ರ ನಮ್ಮ ಮನ್ಯಾಗ ಉಪಾಸ ಸಾಯ್ತತಿ ಬಿಡು" ಎಂದು ಜಂಬಪ್ಪ ನಕ್ಕಿದ್ದ.

ಅದಾಗಿ ತಿಂಗಳಿಗೆ ಮನೆತುಂಬ ಅತಿಥಿಗಳಿದ್ದಾಗ ಮನೋಹರ್ ಒಂದು ಬಾಟಲಿ ಕೊಟ್ಟು, ಇದೇನೆಂದು ಓದಿ ಹೇಳು ಎಂದ. ಜಂಬಪ್ಪ ಅಂಗಿಯ ಜೇಬು ತಡಕಿದ. ಪಕ್ಕದಲ್ಲಿದ್ದ ಮಗಳಿಗೆ ಬೇಸರವಾಗಿತ್ತೋ, ಅಪ್ಪನ ಪರದಾಟ ನೋಡಲಾರದೆ ಹೋದಳೋ, "ನಮ್ಮಪ್ಪಗ ಓದಾಕ ಬರಂಗಿಲ್ರಿ, ಇಲ್ಲಿ ಕೊಡ್ರಿ" ಅಂದುಬಿಟ್ಟಳು.

"ಏನಲೇ ಜಂಬಾ, ಇಷ್ಟು ದಿನ ಕನ್ನಡಕದ ಕಥಿ ಹೇಳಿದೆಲ್ಲೋ!" ಎಂದು ಮನೋಹರ್ ಕೈತಟ್ಟಿದ. ಎಲ್ಲರೂ ನಕ್ಕರು. ಅಂದಿನಿಂದ ಆ ಮನೆಯಲ್ಲಿ ಅವನ ಹೆಸರು ಕನ್ನಡಕ.

ಜಂಬಪ್ಪ ಮಗಳನ್ನು ಬೈಯಲಿಲ್ಲ. ಮಾತು ಬಿಟ್ಟ. ಮರುವರ್ಷ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಈಶ್ವರನೊಂದಿಗೆ ಅವಳ ಮದುವೆಯಾದಾಗ ತಲೆ ತಗ್ಗಿಸಿಕೊಂಡೇ ಅಕ್ಷತೆ ಹಾಕಿದ. ಅವಳ ಫೋನು ಬಂದರೆ ಹೆಂಡತಿ ಹಂಪಮ್ಮನ ಕೈಗೆ ಕೊಟ್ಟು ಹೊರಗೆ ಹೋಗುತ್ತಿದ್ದ. ಆದರೆ ದಾರ ಕಟ್ಟಿದ ಆ ತುಂಡನ್ನು ಮಾತ್ರ ದಿನಾ ಮೊದಲು ನೋಡಿ ಆಮೇಲೆ ಬೇರೆ ಕೆಲಸಕ್ಕೆ ಕೈಹಾಕುವನು. ಅದು ದಾರವನ್ನು ನುಂಗಿಕೊಂಡು ಬೆಳೆದು, ಐದು ಬೆರಳಿನ ಅಂಗೈಯಂತಾಯಿತು.

"ಕಲ್ಲಿನ ಮ್ಯಾಲಿಂದನ್ನ ಸಾಕ್ತಿ, ಹೊಟ್ಟ್ಯಾಗ ಹುಟ್ಟಿದಾಕಿನ್ನ ಬಿಟ್ಟಿ" ಎನ್ನುತ್ತಿದ್ದಳು ಹಂಪಮ್ಮ.

ಎರಡು ಸಾವಿರದ ಹತ್ತರ ಬೇಸಿಗೆಯಲ್ಲಿ ತೊಟ್ಟಿಯ ಹಳೆಯ ಟ್ಯೂಬುಗಳ ಕಾವಿಗೆ ನೀರು ಬಿಸಿಯಾಗತೊಡಗಿತು. ಆಗಷ್ಟೇ ಎಲ್‌ಇಡಿ ದೀಪಗಳು ಬರುತ್ತಿದ್ದ ಕಾಲ. ಮನೋಹರ್ ಮೊದಲು ಅಗ್ಗದ್ದೊಂದನ್ನು ತರಿಸಿದ. ತಿಂಗಳೊಳಗೆ ದಾರ ಕಟ್ಟಿದ ಹವಳದ ಬೆರಳುಗಳು ಬೆಳಕು ಹುಡುಕುತ್ತ ಸಣಕಲಾಗಿ ಮೇಲೆ ಚಾಚಿದವು. ಬಣ್ಣ ಮಂಕಾಯಿತು. ಜಂಬಪ್ಪ ಮೊದಲ ಬಾರಿ ಬಾಯಿಬಿಟ್ಟು ಕೇಳಿದ.

"ಸಾವ್ಕಾರ್ರ, ಇದು ಸಾಲದು. ಚಲೋದು ತರಸ್ರಿ."

"ಅದಕ್ಕ ಹತ್ತು ಪಟ್ಟು ರೊಕ್ಕ ಐತಲೇ. ಮೀನಿಗೇನು ಗೊತ್ತಾಗ್ತತಿ?"

"ಮೀನಿಗಲ್ರಿ, ಹವಳಕ್ಕ."

"ಆತು ಬಿಡು. ನಿನ್ನ ಮಾತ ಖರೆ ಆಗ್ಲಿ. ಸತ್ತರ ಮಾತ್ರ ನಿನ್ನ ತಲಿಮ್ಯಾಗ, ಕನ್ನಡಕ."

ದುಬಾರಿ ದೀಪ ಬಂತು. ಅದಕ್ಕೆ ಬೆಳಕು ಏರಿಸಿ ಇಳಿಸಲು ಎರಡು ತಿರುಪುಗಳಿದ್ದವು, ಬಿಳಿ ಬೆಳಕಿಗೊಂದು, ನೀಲಿಗೊಂದು. ಜೊತೆಗೆ ಇಂಗ್ಲಿಷಿನ ಸಣ್ಣ ಪುಸ್ತಕ. ಅದರಲ್ಲಿ ಇಪ್ಪತ್ತು, ಮೂವತ್ತು, ನಲವತ್ತು ಎಂಬ ಅಂಕಿಗಳು ಸಾಲಾಗಿದ್ದವು. ತೊಟ್ಟಿಯ ಅಳತೆ ಇರಬೇಕು ಎಂದುಕೊಂಡ ಜಂಬಪ್ಪ. ಮನೋಹರನನ್ನು ಕೇಳಿದರೆ ಮತ್ತೆ ಕನ್ನಡಕದ ಮಾತು ಬರುತ್ತದೆ. ಪುಸ್ತಕವನ್ನು ಮಡಚಿ ಮನೆಗೆ ತಂದ.

"ಕಂಪ್ಲಿ ಏನು ದೂರ ಐತಿ? ಬಸ್ಸು ಹತ್ತಿದರ ಮುಗೀತು. ಆಕಿ ಓದಿ ಹೇಳ್ತಾಳ" ಎಂದಳು ಹಂಪಮ್ಮ.

"ಆಕಿ ಓದಿದ್ದು ಒಮ್ಮೆ ಸಾಕಾಗೇತಿ."

ಮರುದಿನ ದೀಪ ಏರಿಸಿ ಎರಡೂ ತಿರುಪುಗಳನ್ನು ಕೊನೆಯವರೆಗೆ ತಿರುಗಿಸಿದ. ಅವನ ಮನೆಯ ಬಲ್ಬು ಎಂದೂ ಪೂರ್ತಿ ಉರಿದದ್ದಿಲ್ಲ. ಸಂಜೆಯಾದರೆ ವೋಲ್ಟೇಜು ಇಳಿದು ಒಳಗಿನ ತಂತಿ ಮಾತ್ರ ಕೆಂಪಗೆ ಕಾಣುತ್ತಿತ್ತು. ಬೆಳಕು ಹೆಚ್ಚಾಗಿ ಜೀವ ಹೋದೀತು ಎಂಬುದು ಅವನ ಬದುಕಿನ ಅನುಭವದಲ್ಲೇ ಇರಲಿಲ್ಲ.

ಮೂರನೆಯ ದಿನ ಹವಳ ಮುದುಡಿತು. ಆರನೆಯ ದಿನ ಬೆಳ್ಳಗಾಯಿತು. ಬೆಳಕು ಇನ್ನೂ ಮುಟ್ಟುತ್ತಿಲ್ಲ ಎಂದುಕೊಂಡು ಅವನು ದೀಪವನ್ನು ಒಂದು ಗೇಣು ಕೆಳಗಿಳಿಸಿದ. ಎರಡನೆಯ ವಾರ ಬೆರಳುಗಳು ಒಂದೊಂದಾಗಿ ಕರಗಿ ನೀರಿಗೆ ಬಿದ್ದವು. ಹಿತ್ತಲ ಪಡಸಾಲೆಯಲ್ಲಿದ್ದ ಇನ್ನೊಂದು ಸಣ್ಣ ತೊಟ್ಟಿಯಲ್ಲಿ, ಇಲ್ಲಿಂದ ತೆಗೆದುಹಾಕಿದ ಅಗ್ಗದ ದೀಪದ ಕೆಳಗೆ, ಯಾರಿಗೂ ಬೇಡವಾದ ಕಂದು ಬಣ್ಣದ ಹವಳದ ಚೂರುಗಳು ಮಂಕಾಗಿಯೇ ಬದುಕಿಕೊಂಡಿದ್ದವು. ಮನೋಹರ್ ಬೈಯಲೂ ಇಲ್ಲ. ಅವನಿಗೆ ಆ ತೊಟ್ಟಿಯ ಹುಚ್ಚು ಆಗಲೇ ಇಳಿದಿತ್ತು.

ಜಂಬಪ್ಪ ಕಲ್ಲನ್ನು ಎತ್ತಿದ. ಹವಳ ಹೋಗಿತ್ತು. ಕಪ್ಪು ದಾರ ಕಟ್ಟಿದ ಹಾಗೆಯೇ ಇತ್ತು, ಗಂಟು ಸಹ ಬಿಚ್ಚಿರಲಿಲ್ಲ. ಕಲ್ಲನ್ನೂ ಪುಸ್ತಕವನ್ನೂ ಕೈಚೀಲಕ್ಕೆ ಹಾಕಿಕೊಂಡು ಕಂಪ್ಲಿಯ ಬಸ್ಸು ಹತ್ತಿದ.

ಬಾಗಿಲು ತೆರೆದ ಸುನಿತಾ, "ಬಾರಪ್ಪ, ಕುಂದ್ರು" ಎಂದಳು. ನೀರು ಕೊಟ್ಟಳು. ಅವನು ನೀರು ಕುಡಿದು, ಪುಸ್ತಕವನ್ನೂ ಕಲ್ಲನ್ನೂ ಅವಳ ಮುಂದಿಟ್ಟ. ಅವಳು ದಾರವನ್ನು ನೋಡಿದಳು. ಪುಸ್ತಕ ಬಿಚ್ಚಿ ಸಾಲಿನ ಮೇಲೆ ಬೆರಳಾಡಿಸಿದಳು. ಇಪ್ಪತ್ತರ ಹತ್ತಿರ ಬೆರಳು ನಿಂತಿತು.

"ಏನು ಬರದಾರ?"

ಅವಳು ತಲೆ ಎತ್ತಿದಳು. "ಏನಿಲ್ಲಪ್ಪ. ಗ್ಯಾರಂಟಿ ವಿಷಯ."

"ಆ ಇಪ್ಪತ್ತು?"

"ಅದು ತೊಟ್ಟಿ ಅಳತಿ."

ಓದುವಾಗ ಮಗಳು ಎಂದೂ ತಲೆ ಎತ್ತುವವಳಲ್ಲ. ಅದು ಅವನಿಗೆ ಗೊತ್ತಿತ್ತು.

"ಇದ್ದದ್ದು ಇದ್ದಂಗ ಓದವ್ವಾ."

ಸುನಿತಾ ತಲೆ ತಗ್ಗಿಸಿದಳು. ಹಿಂದಿನಂತೆಯೇ ಮೆಲ್ಲಗೆ ಓದಿದಳು: "ಮೊದಲ ವಾರ ನೂರಕ್ಕೆ ಇಪ್ಪತ್ತರಷ್ಟು ಬೆಳಕು ಮಾತ್ರ. ವಾರಕ್ಕೆ ಹತ್ತರಂತೆ ಏರಿಸಬೇಕು. ಒಮ್ಮೆಲೇ ಪೂರ್ತಿ ಹಾಕಬಾರದು."

"ಒಮ್ಮೆಲೇ ಪೂರ್ತಿ ಹಾಕಬಾರದು" ಎಂದ ಜಂಬಪ್ಪ, ಪಕ್ಕದ ಕೋಣೆಯಲ್ಲಿ ಮಾಲೀಕ ಕೂತಿದ್ದಾನೋ ಎಂಬಂತೆ, ಜೋರಾಗಿ.

ಸುನಿತಾ ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು.