ಟೈಪಿಂಗ್ ಮಾಸ್ತರರ ಕಂಪ್ಯೂಟರ್ ಶೇರು

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹತ್ತಿರ, ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ರಾಜಾರಾಮ ಮಾಸ್ತರರು ೧೯೮೨ರಲ್ಲಿ ಟೈಪಿಂಗ್ ಕ್ಲಾಸು ತೆರೆದರು. ಹನ್ನೊಂದು ಮಷೀನು ಇದ್ದವು. ರಾಯಬಾಗ, ಹಾರೂಗೇರಿ ಕಡೆಯಿಂದಲೂ ಹುಡುಗ ಹುಡುಗಿಯರು ಬರುತ್ತಿದ್ದರು. ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾದರೆ ಕೋರ್ಟಿನಲ್ಲೋ ತಹಸೀಲ್ದಾರ ಕಚೇರಿಯಲ್ಲೋ ನೌಕರಿ. ಮಾಸ್ತರರ ತಂದೆ ಬೇರೆಯವರ ಹೊಲದಲ್ಲಿ ಕಬ್ಬು ಕಡಿದು ಬದುಕಿದವರು. ಮಗ ಕುರ್ಚಿಯಲ್ಲಿ ಕೂತು ದುಡಿಯುವುದನ್ನು ಕಾಣಲೆಂದು ಒಮ್ಮೆ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು ನೋಡಿ, ಒಳಗೆ ಬಾರದೆ ಇಳಿದು ಹೋಗಿದ್ದರು.

ಹೆಂಡತಿ ಶೇವಂತಾ ಕರೋಶಿ ಭಾಗದ ನರ್ಸಬಾಯಿ. ಹೊಲಗಳ ನಡುವೆ ಚದುರಿದ ಮನೆಗಳ ಗುಂಪು, ಅಂದರೆ ತೋಟದ ವಸ್ತಿಗಳಿಗೆ ನಡೆದೇ ಹೋಗಿ ಬಾಣಂತಿಯರನ್ನು, ಕೂಸುಗಳನ್ನು ನೋಡುವುದು ಅವಳ ಕೆಲಸ.

೧೯೯೪ರಲ್ಲಿ ನಿಪ್ಪಾಣಿಯ ಶೇರು ಏಜೆಂಟ ಬಾಳಾಸಾಬ ಒಂದು ಫಾರ್ಮು ತಂದ. ಮುಂಬೈಯಲ್ಲಿ ಹೊಸದಾಗಿ ಶುರುವಾದ ಕಂಪ್ಯೂಟರ್ ಕಂಪನಿ. ದುಡ್ಡು ಕಟ್ಟಿದ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಇನ್ನೂರು ಶೇರು ಬಂದವು. ಮಾಸ್ತರರು ಕಾಗದಗಳನ್ನು ಟ್ರಂಕಿನ ತಳದಲ್ಲಿಟ್ಟು ಮರೆತರು.

೧೯೯೯ರಲ್ಲಿ ಆ ಶೇರು ಏರತೊಡಗಿತು. ದೀಪಾವಳಿಯ ಹೊತ್ತಿಗೆ ಕೊಂಡ ಬೆಲೆಯ ಮೂವತ್ತು ಪಟ್ಟು. ಅದೇ ವರ್ಷ ರಸ್ತೆಯ ಆಚೆ ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು. ಮಾಸ್ತರರ ಬೆಳಗಿನ ಬ್ಯಾಚಿನಲ್ಲಿ ಮೂರೇ ಜನ ಉಳಿದಿದ್ದರು.

ಸಂಜೆ ಖಾಲಿ ಕ್ಲಾಸಿಗೆ ವಿರುಪಾಕ್ಷಪ್ಪನವರು ಬಂದು ಕೂರುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು. ತಿಂಗಳುಗಟ್ಟಲೆ ಒಂದೇ ಮಾತು.

"ಮಾರಿಬಿಡ್ರಿ ಮಾಸ್ತರ್ರ. ಆ ಕಂಪನಿ ಲಾಭಾ ಎಷ್ಟ ಮಾಡೈತಿ, ನೋಡೀರೇನು?"

"ಲಾಭ ಇವತ್ತ ಇಲ್ಲರಿ. ಹತ್ತ ವರ್ಷಕ್ಕ ನೋಡ್ರಿ. ಎಲ್ಲಾ ಕಚೇರ್‍ಯಾಗ ಕಂಪ್ಯೂಟರ ಬರತಾವ. ನನ್ನ ಮಷೀನ ಮುಂದ ಯಾರರ ಕುಂತಾರೇನ ನೋಡ್ರಿ. ಇದಕ್ಕಿಂತ ಸಾಕ್ಷಿ ಬೇಕೇನ್ರಿ?"

"ಕಂಪ್ಯೂಟರ ಉಳಿಯೂದು ಬ್ಯಾರೆ, ಈ ಕಂಪನಿ ಉಳಿಯೂದು ಬ್ಯಾರೆ."

ಮಾಸ್ತರರು ಮಷೀನುಗಳಿಗೆ ಬಟ್ಟೆ ಹೊದಿಸತೊಡಗಿದರು. ತನ್ನ ಕಸುಬನ್ನು ಕಸಿದುಕೊಂಡ ವಸ್ತುವೇ ಮುಪ್ಪಿನಲ್ಲಿ ತನಗೆ ಅನ್ನ ಹಾಕಬೇಕು ಎಂಬುದೊಂದು ಹಟ ಅವರಲ್ಲಿ ಬೆಳೆದಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ಮನೆಯಲ್ಲೂ ಅದೇ ಚರ್ಚೆ ಎತ್ತಿದಾಗ ಶೇವಂತಾ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಹೇಳಿದಳು: "ಇಡ್ರಿ, ಇಲ್ಲಾ ಮಾರ್ರಿ. ದಿನಾ ಅದನ್ನ ಕೇಳಿ ಕೇಳಿ ಸಾಕಾಗೇತಿ ನನಗ."

ಡಿಸೆಂಬರಿನಲ್ಲಿ ಕೂಸುಗಳಿಗೆ ಪೋಲಿಯೊ ಹನಿ ಹಾಕುವ ಒಂದು ಭಾನುವಾರ, ಲಸಿಕೆಯ ಡಬ್ಬಿ ಹೊರಬೇಕಾಗಿದ್ದ ಆಯಾ ಲಕ್ಷ್ಮಿಬಾಯಿ ಜ್ವರ ಬಂದು ಮಲಗಿದಳು. ಮಾಸ್ತರರೇ ಡಬ್ಬಿ ಹೊತ್ತು ಹೆಂಡತಿಯ ಜೊತೆ ಹೊರಟರು. ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಅವಳು ನಡೆಯುವ ದಾರಿ ಅವರು ನೋಡಿರಲಿಲ್ಲ. ಕಬ್ಬಿನ ಗದ್ದೆಗಳ ನಡುವಿನ ಬದು, ನೀರು ಬಿಟ್ಟ ಕೆಸರು, ಒಂದು ವಸ್ತಿಯಿಂದ ಇನ್ನೊಂದಕ್ಕೆ ಮುಗಿಯದ ದೂರ. ಮಧ್ಯಾಹ್ನ ಎರಡರ ಹೊತ್ತಿಗೆ ಅವಳು ಬದುವಿನ ಮೇಲೆ ಕೂತಳು. ಏಳಲು ಹೋದಳು, ಆಗಲಿಲ್ಲ.

"ಸ್ವಲ್ಪ ತಡೀರಿ. ದಿನಾ ಹಿಂಗ ಆಗತೈತಿ," ಎಂದಳು, ಬಹಳ ಸಾಧಾರಣ ಮಾತೆಂಬಂತೆ.

"ದಿನಾ?"

"ಮತ್ತೇನ್ರಿ. ಇನ್ನ ಆರ ಮನಿ ಅದಾವ, ಕೈ ಕೊಡ್ರಿ."

ಮರುದಿನ ಮಾಸ್ತರರು ನಿಪ್ಪಾಣಿಗೆ ಹೋಗಿ ಬಾಳಾಸಾಬನಿಗೆ ನೂರು ಶೇರಿನ ಕಾಗದ ಕೊಟ್ಟರು. ಇಬ್ಬರ ಸಹಿಯೂ ಇತ್ತು.

"ಉಳದ ನೂರು?" ಎಂದು ಬಾಳಾಸಾಬ ಕೇಳಿದ.

"ಅವು ಇರಲಿ. ಅವು ನನ್ನ ನಂಬಿಕಿವು."

ಬಂದ ದುಡ್ಡಿನಲ್ಲಿ ಒಂದು ಮೊಪೆಡ್ ಕೊಂಡರು, ಮಿಕ್ಕಿದ್ದನ್ನು ಅವಳ ಹೆಸರಿನಲ್ಲಿ ಬ್ಯಾಂಕಿಗೆ ಹಾಕಿದರು. ಶೇವಂತಾಗೆ ಗಾಡಿ ನಡೆಸಲು ಹೆದರಿಕೆ. ಅವರೇ ಕಲಿತು, ದಿನಾ ಬೆಳಿಗ್ಗೆ ಅವಳನ್ನು ವಸ್ತಿಗಳಿಗೆ ಸುತ್ತಾಡಿಸಿ ತಂದು, ಆಮೇಲೆ ಕ್ಲಾಸಿನ ಬೀಗ ತೆಗೆಯತೊಡಗಿದರು. ಕಾಯುವ ವಿದ್ಯಾರ್ಥಿಗಳು ಹೆಚ್ಚಿರಲಿಲ್ಲವಾದ್ದರಿಂದ ತಡವಾದರೂ ಯಾರೂ ಆಕ್ಷೇಪಿಸಲಿಲ್ಲ.

ಮಾರಿದ ಮೇಲೂ ಶೇರು ಎರಡು ತಿಂಗಳು ಏರಿತು. ಆ ಎರಡು ತಿಂಗಳು ಮಾಸ್ತರರು ಪೇಪರ್ ಓದುವಾಗ ಹೆಂಡತಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಆಮೇಲೆ ಅದು ಬಿತ್ತು. ಬಿದ್ದದ್ದು ಮತ್ತೆ ಏಳಲಿಲ್ಲ. ಕಂಪನಿ ಹೆಸರು ಬದಲಿಸಿತು, ವಿಳಾಸ ಬದಲಿಸಿತು. ಮಾಸ್ತರರು ಬರೆದ ರಿಜಿಸ್ಟರ್ ಪತ್ರ ಹಾಗೇ ಮರಳಿ ಬಂತು. ಅಷ್ಟರಲ್ಲಿ ಚಿಕ್ಕೋಡಿಯ ಕಚೇರಿಗಳಿಗೆ ಕಂಪ್ಯೂಟರುಗಳೂ ಬಂದವು.

"ನೀವಂದದ್ದ ಖರೆ ಆತ್ರಿ, ಸಾಹೇಬ್ರ," ಎಂದರು ಮಾಸ್ತರರು ಒಂದು ಸಂಜೆ.

ವಿರುಪಾಕ್ಷಪ್ಪನವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಖರೆ ಆಗಿ ಏನ ಬಂತ್ರಿ. ನಿಮಗ ಬುದ್ಧಿ ಹೇಳಕೋತ, ನಾ ಬ್ಯಾರೆ ಕಂಪನ್ಯಾಗ ಇಟ್ಟು ಕಳಕೊಂಡೇನಿ. ಮನ್ಯಾಗ ಇನ್ನ ಹೇಳಿಲ್ಲ."

ಇಬ್ಬರೂ ನಗಲಿಲ್ಲ. ಕೆಳಗಿನಿಂದ ಚಹಾ ತರಿಸಿ ಕುಡಿದರು.

ಮರುವರ್ಷ ಮಾಸ್ತರರು ಕ್ಲಾಸು ಮುಚ್ಚಿದರು. ಒಂದು ಕನ್ನಡ, ಒಂದು ಇಂಗ್ಲಿಷ್ ಮಷೀನು ಉಳಿಸಿಕೊಂಡು ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ ಅರ್ಜಿ ಟೈಪು ಮಾಡಲು ಕೂತರು. ಮೊದಲ ದಿನ ನಾಲ್ಕು ಅರ್ಜಿ ಬಂದವು.