ನಳಿಗೆಯಲ್ಲಿ ಉಳಿದ ಸೀಸ

ಏರ್ ರೈಫಲ್‌ಗೆ ಎಲ್ಲ ಪೆಲೆಟ್‌ಗಳೂ, ಅಂದರೆ ಸೀಸದ ಪುಟ್ಟ ಗುಂಡುಗಳೂ, ಒಗ್ಗುವುದಿಲ್ಲ. ಒಂದೇ ಕಂಪನಿ, ಒಂದೇ ಅಳತೆ. ಆದರೂ ಒಂದು ಲಾಟಿನ, ಅಂದರೆ ಒಂದೇ ಸಲಕ್ಕೆ ತಯಾರಾದ ಮಾಲಿನ, ಡಬ್ಬಿ ಹತ್ತು ಹೊಡೆತಕ್ಕೆ ಒಂದೇ ತೂತು ಮಾಡಿದರೆ ಇನ್ನೊಂದು ಲಾಟಿನದು ಗುರಿ ಹಾಳೆಯ ತುಂಬ ಚೆಲ್ಲಾಡುತ್ತದೆ. ನನ್ನ ರೈಫಲ್‌ಗೆ ಒಗ್ಗುವ ಲಾಟನ್ನು ಹುಡುಕಿಕೊಟ್ಟವಳು ನನ್ನ ಹೆಂಡತಿ. ಅವಳು ರೈಫಲ್ ಮುಟ್ಟಿದವಳೇ ಅಲ್ಲ. ಅಕ್ಕಿ ಆರಿಸುವಂತೆ ತಟ್ಟೆಯಲ್ಲಿ ಪೆಲೆಟ್ ಹರವಿಕೊಂಡು ಅಂಚು ಸೊಟ್ಟಗಾದದ್ದನ್ನು ತೆಗೆದಿಡುತ್ತಿದ್ದಳು. ನಾನು ತಂದ ಹಾಳೆಗಳನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಇದರ ತೂತು ಸಣ್ಣದದ ನೋಡ್ರಿ, ಇದನ್ನೇ ತರ್ರಿ," ಎಂದು ಒಂದು ದಿನ ತೀರ್ಪು ಕೊಟ್ಟಳು. ಆ ಲಾಟಿನ ಡಬ್ಬಿಗಳನ್ನು ಸಿಕ್ಕಷ್ಟು ತಂದಿಟ್ಟುಕೊಂಡೆ.

ಅವಳು ತೀರಿಕೊಂಡು ಎರಡು ವರ್ಷವಾಯಿತು. ಪುಣೆಯ ಕೊಂಢ್ವಾದಲ್ಲಿರುವ ಮನೆಯಲ್ಲಿ ಈಗ ನಾನೊಬ್ಬನೇ. ಆ ಲಾಟಿನ ಕೊನೆಯ ಡಬ್ಬಿಯಲ್ಲಿ ಒಂದು ಹಿಡಿಯಷ್ಟು ಉಳಿದಿತ್ತು. ಹಿರಿಯರ ಶೂಟಿಂಗ್ ಸ್ಪರ್ಧೆ ಹತ್ತಿರ ಬಂದಿದ್ದರಿಂದ ಹೊಸ ಲಾಟ್ ಹುಡುಕದೆ ಗತಿಯಿರಲಿಲ್ಲ.

ಮೂರು ಭಾನುವಾರ ಶೂಟಿಂಗ್ ರೇಂಜಿಗೆ ಹೋಗಿ ರೈಫಲನ್ನು ಅಲುಗದಂತೆ ಕಬ್ಬಿಣದ ಹಿಡಿಕಟ್ಟಿಗೆ, ವೈಸಿಗೆ, ಬಿಗಿದೆ. ಮೊದಲು ಅವಳ ಡಬ್ಬಿಯಿಂದ ಐದು ಹೊಡೆತ, ಕೂಡಲೇ ಹೊಸ ಲಾಟಿನಿಂದ ಹತ್ತು. ಪ್ರತಿ ಸಲವೂ ಹೊಸದು ಚೆದುರಿತು. "ಅವಳು ಆರಿಸಿದ್ದರ ಮುಂದೆ ಯಾವುದೂ ನಿಲ್ಲುವುದಿಲ್ಲ," ಎಂದು ಬೀಗಿದೆ. ಸೋತದ್ದಕ್ಕೆ ಅಷ್ಟು ಖುಷಿಪಟ್ಟವನು ಪುಣೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ರೇಂಜ್ ನೋಡಿಕೊಳ್ಳುವವರು ದೇಹೂ ರೋಡಿನಿಂದ ಬರುವ ಮಾಜಿ ಸೈನಿಕರು, ಬೆಳಗಾವಿ ಕಡೆಯವರು. ಮೂರನೆಯ ವಾರ ಅವರು ತಡೆಯಲಾರದೆ ಹತ್ತಿರ ಬಂದರು.

"ಸಾಹೇಬ್ರ, ನಳಿಗಿಯೊಳಗ ಇನ್ನೂ ಹಳೇ ಲಾಟಿನ ಸೀಸ ಅಂಟಿಕೊಂಡದ. ಹೊಸಾದು ಇಪ್ಪತ್ತು ಹೊಡದು ಆಮ್ಯಾಲೆ ನೋಡ್ರಿ. ನಿಮಗ ಗೊತ್ತಿಲ್ಲೇನ್ರಿ ಇದು?"

ಗೊತ್ತಿತ್ತು. ಹೊಸ ಲಾಟಿನ ಸೀಸ ನಳಿಗೆಗೆ ಹಿಡಿಯುವವರೆಗೆ ಪರೀಕ್ಷೆ ಮಾಡಬಾರದೆಂದು ಎಷ್ಟೋ ಜನರಿಗೆ ನಾನೇ ಪಾಠ ಹೇಳಿದ್ದೆ. ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲು ಅವರ ಮೇಲೆಯೇ ಬಂತು. ಆಮೇಲೆ ನಾಚಿಕೆಯಾಯಿತು. ಹೊಸದು ಸೋಲಲಿ ಎಂದೇ ನಾನು ಅದನ್ನು ಮರೆತಿದ್ದೆ.

ಅವರು ಪಕ್ಕದಲ್ಲೇ ನಿಂತಿದ್ದರು. ಹೊಸ ಲಾಟಿನಿಂದ ಇಪ್ಪತ್ತು ಹೊಡೆದೆ. ನಳಿಗೆಗೆ ಅಂಟಿದ್ದ, ಅವಳು ಆರಿಸಿದ ಸೀಸ ಒಂದೊಂದು ಹೊಡೆತಕ್ಕೂ ಸವೆದು ಹೋಗುತ್ತಿದೆ ಎಂದು ಗೊತ್ತಿದ್ದೂ ಹೊಡೆದೆ. ಆಮೇಲೆ ಹೊಸ ಹಾಳೆ ಹಾಕಿ ಹತ್ತು. ಒಂದೇ ತೂತು, ಅವಳ ಲಾಟಿನದಕ್ಕಿಂತ ಸಣ್ಣದು.

"ಭಾಳ ಛಲೋ ಬಂತ್ರಿ!" ಎಂದು ಅವರು ನನ್ನ ಕೈ ಕುಲುಕಿದರು. ನಾನು ತಲೆಯಾಡಿಸಿ, ರೈಫಲ್ ಕಟ್ಟಿಕೊಂಡು ಹೊರಟೆ.

ಮನೆಗೆ ಬಂದು, ಚಪ್ಪಲಿ ಸಹ ಬಿಡದೆ, ಹಾಳೆ ಹಿಡಿದುಕೊಂಡು ನೇರ ಅಡುಗೆಮನೆಗೆ ಹೋದೆ. "ಇಲ್ಲೆ ನೋಡು," ಎಂದು ಕೈ ಚಾಚಿದ ಮೇಲೆ, ನೋಡುವವಳು ಇಲ್ಲವೆಂಬುದು ನೆನಪಾಯಿತು.